ಧಾರೆ ಮುಗಿದ ಮೇಲೆ ಹೈಡ್ರೋಜನ್

2024ರ ನವೆಂಬರ್ 22, ಶುಕ್ರವಾರ. ಸುರತ್ಕಲ್‌ನಲ್ಲಿ ನಮ್ಮ ಯಜಮಾನರ ಕಡೆಯ ಮದುವೆ. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಅಂಗಸಂಸ್ಥೆ ಎನ್‌ಟಿಪಿಸಿ ಗ್ರೀನ್ ಎನರ್ಜಿ ತನ್ನ ಷೇರನ್ನು ಮೊದಲ ಸಲ ಜನರಿಗೆ ಮಾರುತ್ತಿದ್ದ ಐಪಿಒಗೆ ಅರ್ಜಿ ಹಾಕಲು ಕೊನೆಯ ದಿನವೂ ಅದೇ. ಒಂದಕ್ಕೊಂದು ಸಂಬಂಧ ಇಲ್ಲ, ಆದರೆ ಕುಟುಂಬದಲ್ಲಿ ಡಿಮ್ಯಾಟ್ ಖಾತೆ ಇರುವವರೆಲ್ಲ ಅವತ್ತು ಆ ಹಾಲ್‌ನಲ್ಲೇ ಇದ್ದರು.

ಊಟ ಮುಗಿಸಿ ಹಿಂದಿನ ಸಾಲಿನ ಫ್ಯಾನ್ ಕೆಳಗೆ ಕೂತಿದ್ದೆ. ಭಾವನ ಮಗ ಫೋನ್ ಹಿಡಿದುಕೊಂಡು ಬಂದ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ. "ಚಿಕ್ಕಮ್ಮ, ಐದು ಗಂಟೆಗೆ ಕ್ಲೋಸ್ ಆಗುತ್ತೆ. ಹಾಕಿದ್ರಾ ಇಲ್ವಾ?"

ಮನೆಯ ಷೇರು ವ್ಯವಹಾರ ನೋಡಿಕೊಳ್ಳುವವಳು ನಾನು. ಎನ್‌ಟಿಪಿಸಿಯ ಒಂದಿಷ್ಟು ಷೇರು ಮೊದಲಿಂದ ಇರುವುದರಿಂದ ಷೇರುದಾರರ ಕೋಟಾದಲ್ಲೂ ನನಗೆ ಅವಕಾಶ ಇತ್ತು. ಬೆಲೆ ₹102ರಿಂದ ₹108. ಒಂದು ಲಾಟ್ ಅಂದರೆ 138 ಷೇರು, ಮೇಲಿನ ಬೆಲೆಗೆ ₹14,904. ದೊಡ್ಡ ದುಡ್ಡೇನಲ್ಲ. ಆದರೂ ನಾನು ಕಾಯುತ್ತಿದ್ದೆ. ಹಿಂದಿನ ದಿನವಷ್ಟೇ ಅದಾನಿಯವರ ಮೇಲೆ ಅಮೆರಿಕದಲ್ಲಿ ಆರೋಪ ದಾಖಲಾದ ಸುದ್ದಿ ಬಂದು ಮಾರುಕಟ್ಟೆ ಅಲ್ಲಾಡಿತ್ತು. ಅವರ ಗುಂಪು ಆರೋಪ ನಿರಾಕರಿಸಿತ್ತು. ಆದರೆ ವಿಷಯ ಸೋಲಾರ್ ಕರೆಂಟ್ ಮಾರಾಟದ ಒಪ್ಪಂದಗಳದ್ದಾದ್ದರಿಂದ, 'ಗ್ರೀನ್' ಅಂತ ಹೆಸರಿರುವ ಯಾವ ಷೇರನ್ನೂ ಅವತ್ತು ಜನ ಎರಡು ಸಲ ನೋಡುತ್ತಿದ್ದರು.

ಹುಡುಗನಿಗೆ ಅಂಥ ಅನುಮಾನ ಇರಲಿಲ್ಲ. ಅವನ ಪ್ರಕಾರ ಇದು ಗ್ರೀನ್ ಹೈಡ್ರೋಜನ್, ಅಂದರೆ ಸೋಲಾರ್, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಮಾಡುವ ಹೈಡ್ರೋಜನ್ ಷೇರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ₹19,744 ಕೋಟಿ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಸರ್ಕಾರ ಇಷ್ಟು ಹೇಳಿದ ಮೇಲೆ ಸರ್ಕಾರದ್ದೇ ಕಂಪನಿ ಬೀಳುತ್ತಾ? ಇನ್ನೊಂದು ಪಾಯಿಂಟ್ ಬೇರೆ ಸೇರಿಸಿದ: "ಇಂಧನ ಮಂತ್ರಿ ಪ್ರಲ್ಹಾದ್ ಜೋಶಿ ನಮ್ಮ ಧಾರವಾಡದವರೇ ಅಲ್ವಾ." ನವೀಕರಿಸಬಹುದಾದ ಇಂಧನ ಖಾತೆ ಅವರದ್ದು, ನಿಜ. ಮಂತ್ರಿಯ ಊರು ನೋಡಿ ಷೇರು ಕೊಳ್ಳುವುದನ್ನು ಮಾತ್ರ ನಾನು ಅವತ್ತೇ ಮೊದಲು ಕೇಳಿದ್ದು.

ಈ ಮಾತು ಕೇಳಿ ಪಕ್ಕದ ಕುರ್ಚಿ ತಿರುಗಿಸಿಕೊಂಡು ಕೂತವರು ನ್ಯೂಜೆರ್ಸಿಯ ಭಾವ. ಮದುವೆಗೆಂದೇ ರಜೆ ಹಾಕಿ ಬಂದಿದ್ದರು. ಅವರ ಹತ್ತಿರ ಅಲ್ಲಿನ ಒಂದು ಹೈಡ್ರೋಜನ್ ಕಂಪನಿಯ ಷೇರು ಇದೆ. 2021ರ ಆರಂಭದಲ್ಲಿ 70 ಡಾಲರ್ ಮುಟ್ಟಿದ್ದು ಅವತ್ತಿಗೆ 2 ಡಾಲರ್ ಆಸುಪಾಸಿಗೆ ಇಳಿದಿತ್ತು. ಇದನ್ನು ಹೇಳುವಾಗ ಅವರು ನಗುತ್ತಿದ್ದರು, ಆದರೆ ಅತ್ತಿಗೆ ನಗಲಿಲ್ಲ.

"ನಮ್ಮಲ್ಲೂ ಸರ್ಕಾರವೇ ಹೇಳಿದ್ದು ಮಾರಾಯ," ಎಂದರು ಭಾವ. 2022ರ ಆಗಸ್ಟ್‌ನಲ್ಲಿ ಬೈಡನ್ ಸಹಿ ಹಾಕಿದ ಕಾನೂನಿನಲ್ಲಿ, ಶುದ್ಧ ಹೈಡ್ರೋಜನ್‌ಗೆ ಕೆ.ಜಿ.ಗೆ 3 ಡಾಲರ್‌ವರೆಗೆ ತೆರಿಗೆ ವಿನಾಯಿತಿ. ಕಾನೂನು ಬಂದ ದಿನ ಎಲ್ಲರಿಗೂ ಖುಷಿ. ಆಮೇಲೆ ಅದರ ನಿಯಮ ಬರೆಯಲು ಕೂತರು. ಕರೆಂಟ್ ಹೊಸ ಸ್ಥಾವರದ್ದೇ ಆಗಬೇಕಾ, ಹತ್ತಿರದ್ದೇ ಆಗಬೇಕಾ, ಹೈಡ್ರೋಜನ್ ಮಾಡಿದ ಅದೇ ಗಂಟೆಯಲ್ಲಿ ಹುಟ್ಟಿದ್ದಾಗಬೇಕಾ? ಕರಡು ಬಂದದ್ದು 2023ರ ಡಿಸೆಂಬರ್‌ನಲ್ಲಿ. ನಾವು ಮಾತಾಡುತ್ತಿದ್ದ ಆ ದಿನದವರೆಗೂ ಅಂತಿಮ ನಿಯಮ ಬಂದಿರಲಿಲ್ಲ. ಅಷ್ಟರಲ್ಲಿ ಚುನಾವಣೆ ಮುಗಿದು ಟ್ರಂಪ್ ಗೆದ್ದಿದ್ದರು. "ಕಂಪನಿ ಕಾರ್ಖಾನೆ ಕಟ್ಟಬೇಕಾ ಬೇಡವಾ ಅಂತ ಎರಡು ವರ್ಷ ಕಾದು ಕೂತಿತು. ಸಾಲದ ಬಡ್ಡಿ ಕಾಯುತ್ತದಾ?"

ಹುಡುಗ ಒಪ್ಪಲಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ತಲೆಕೆಳಗಾಗುತ್ತೆ, ನಮ್ಮಲ್ಲಿ ಹಾಗಿಲ್ಲ ಎಂದ. ಅದರಲ್ಲಿ ಸ್ವಲ್ಪ ಸತ್ಯ ಇದೆ ಅಂತ ನನಗೂ ಅನಿಸಿತು. ಹೈಡ್ರೋಜನ್ ಮಾಡುವ ಕರೆಂಟ್‌ಗೆ 25 ವರ್ಷ ಅಂತರರಾಜ್ಯ ಸಾಗಣೆ ಶುಲ್ಕ ಇಲ್ಲ ಎಂಬ ರಿಯಾಯಿತಿ ನಮ್ಮಲ್ಲಿ 2022ರಲ್ಲೇ ಬಂತು. ಅದರ ಗಡುವನ್ನು ಆಮೇಲೆ 2030ರ ಕೊನೆಯವರೆಗೆ ಎಳೆದರೇ ಹೊರತು ಕಿತ್ತುಕೊಳ್ಳಲಿಲ್ಲ.

ಅಷ್ಟು ಹೊತ್ತಿಗೆ ಸಣ್ಣ ಮಾವ ಬಂದರು. ನಿಜವಾದ ಚರ್ಚೆ ಶುರುವಾದದ್ದು ಆಗ. ಅವರು ಮೂವತ್ತು ವರ್ಷಕ್ಕೂ ಜಾಸ್ತಿ ಅಮೋನಿಯಾ ಪ್ಲಾಂಟ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುರತ್ಕಲ್‌ನಿಂದ ಪಣಂಬೂರಿನವರೆಗಿನ ಆ ಹೆದ್ದಾರಿಯ ಆಸುಪಾಸಿನಲ್ಲೇ ರಿಫೈನರಿ, ಗೊಬ್ಬರ ಕಾರ್ಖಾನೆ, ಬಂದರು ಎಲ್ಲ ಇವೆ. ದೇಶದಲ್ಲಿ ಹೈಡ್ರೋಜನ್ ಖರ್ಚಾಗುವುದು ಮುಖ್ಯವಾಗಿ ಇಂಥ ಕಡೆಯೇ: ರಿಫೈನರಿಯಲ್ಲಿ ಗಂಧಕ ತೆಗೆಯಲು, ಗೊಬ್ಬರಕ್ಕೆ ಅಮೋನಿಯಾ ಮಾಡಲು. ಪೇಪರಿನಲ್ಲಿ ಹೈಡ್ರೋಜನ್ ಅಂದರೆ ಬಸ್ಸಿನ ಫೋಟೋ ಹಾಕುತ್ತಾರೆ. ಮಾವನಿಗೆ ಅದನ್ನು ನೋಡಿದರೆ ಸಿಟ್ಟು.

"ಒಂದು ಕೆ.ಜಿ. ಮಾಡಲಿಕ್ಕೆ ಎಷ್ಟು ಯೂನಿಟ್ ಬೇಕು, ಗೊತ್ತುಂಟಾ?" ಎಂದು ಹುಡುಗನನ್ನು ಕೇಳಿದರು. ಅವನು ಫೋನ್ ನೋಡಹೋದ. ಮಾವ ಅಂಗಿಯ ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಕಾಗದ ಇರಲಿಲ್ಲ. ಕೈಯಲ್ಲಿದ್ದ ಉಡುಗೊರೆ ಕವರನ್ನೇ ತಿರುಗಿಸಿ ಮಡಿಲ ಮೇಲೆ ಇಟ್ಟುಕೊಂಡರು. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರ್ ಅದು. ಪೆನ್ನು ನಾಣ್ಯದ ಉಬ್ಬಿಗೆ ಬಂದಾಗಲೆಲ್ಲ ಎಗರುತ್ತಿತ್ತು. 55 ಯೂನಿಟ್, ಯೂನಿಟ್‌ಗೆ ನಾಲ್ಕು ರೂಪಾಯಿ, ಬರೀ ಕರೆಂಟಿಗೇ ₹220. ನೀರನ್ನು ಒಡೆಯುವ ಯಂತ್ರ ಎಲೆಕ್ಟ್ರೊಲೈಸರ್, ನೀರು, ಬಡ್ಡಿ ಆಮೇಲೆ. ಗ್ಯಾಸ್‌ನಿಂದ ಮಾಡಿದರೆ ಎಲ್ಲ ಸೇರಿ ಇನ್ನೂರರ ಆಸುಪಾಸು, ಅದೂ ಗ್ಯಾಸ್ ದರ ನೋಡಿಕೊಂಡು. "ಸರ್ಕಾರ ಮೊದಲ ವರ್ಷ ಕೆ.ಜಿ.ಗೆ ಹೆಚ್ಚೆಂದರೆ ₹50 ಕೊಡ್ತದೆ. ಎರಡನೇ ವರ್ಷ ನಲವತ್ತು, ಮೂರನೇ ವರ್ಷ ಮೂವತ್ತು. ನಾಲ್ಕನೇ ವರ್ಷ ಯಾರು ಕೊಡುವುದು?"

ಹುಡುಗ ಬಿಡಲಿಲ್ಲ. ಸೋಲಾರ್ ಕೂಡ ಮೊದಲು ದುಬಾರಿ ಇತ್ತು, ಆಮೇಲೆ ಇಳಿಯಲಿಲ್ವಾ ಎಂದ. ಇಳಿಯಿತು, ಮಾವನೂ ಒಪ್ಪಿದರು. ಆದರೆ ಸೋಲಾರ್ ಕರೆಂಟ್ ಕೊಳ್ಳಲು ವಿದ್ಯುತ್ ಕಂಪನಿಗಳಿಗೆ ಕಡ್ಡಾಯ ಇತ್ತು. ಹೈಡ್ರೋಜನ್‌ಗೆ ಮಾಡುವವನಿಗೆ ಪ್ರೋತ್ಸಾಹಧನ ಉಂಟು, ಕೊಳ್ಳುವವನಿಗೆ ಬಲವಂತ ಇಲ್ಲ. "ಗಂಡು ಗೊತ್ತಾಗುವ ಮೊದಲೇ ಹಾಲ್ ಬುಕ್ ಮಾಡಿದ ಹಾಗೆ ಆಯಿತು ಇದು."

"ಈಗ ಹಾಗೇ ಮಾಡೋದು ಅಜ್ಜ. ಹಾಲ್ ಸಿಗೋದೇ ಕಷ್ಟ, ಗಂಡು ಹೇಗಾದ್ರೂ ಸಿಗ್ತಾನೆ," ಎಂದ ಹುಡುಗ. ಹಿಂದಿನ ಸಾಲಿನವರೂ ನಕ್ಕರು. ನಗುವಿನ ನಡುವೆಯೂ ಅವನ ಮಾತಿನಲ್ಲಿ ಒಂದು ವಾದ ಇತ್ತು. ಮೊದಲು ಮಾಡುವವರನ್ನು ಎಬ್ಬಿಸಿದರೆ ಬೆಲೆ ಇಳಿಯುತ್ತದೆ, ಇಳಿದ ಮೇಲೆ ಕೊಳ್ಳುವವರು ತಾವೇ ಬರುತ್ತಾರೆ. ಮಿಷನ್ ನಿಂತಿರುವುದು ಹೆಚ್ಚುಕಡಿಮೆ ಇದೇ ನಂಬಿಕೆಯ ಮೇಲೆ.

ಆಮೇಲೆ ಅವನು ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ಇಲ್ಲೇ ಪಕ್ಕದಲ್ಲಿ ಯೂರಿಯಾ ಮಾಡ್ತಾರೆ, ಅಲ್ಲಿಗೇ ಹಸಿರು ಅಮೋನಿಯಾ ಕೊಟ್ಟರೆ ಆಯ್ತಲ್ಲ?

ಮಾವ ಕವರ್ ಕೆಳಗಿಟ್ಟರು. "ಯೂರಿಯಾಕ್ಕೆ ಅಮೋನಿಯಾ ಒಂದೇ ಸಾಕಾ? ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ತರ್ತೀ?"

ನನಗೂ ಇದು ಗೊತ್ತಿರಲಿಲ್ಲ. ಯೂರಿಯಾ ಆಗುವುದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ. ನೈಸರ್ಗಿಕ ಅನಿಲವನ್ನು ಒಡೆದು ಹೈಡ್ರೋಜನ್ ತೆಗೆಯುವಾಗ ಕಾರ್ಬನ್ ಡೈಆಕ್ಸೈಡ್ ಜೊತೆಯಲ್ಲೇ ಪುಕ್ಕಟೆ ಸಿಗುತ್ತದೆ. ನೀರನ್ನು ಒಡೆದರೆ ಹೈಡ್ರೋಜನ್, ಆಮ್ಲಜನಕ ಅಷ್ಟೆ. ಹೀಗಾಗಿ ಹಸಿರು ಅಮೋನಿಯಾಗೆ ಸುಲಭದ ಜಾಗ ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರದ ಕಾರ್ಖಾನೆಗಳು. ಯೂರಿಯಾ ಅಲ್ಲ. ಇದರ ಮೇಲೆ ಬೆಲೆಯ ಮಾತು ಬೇರೆ. ರೈತನಿಗೆ 45 ಕೆ.ಜಿ. ಯೂರಿಯಾ ಚೀಲದ ಬೆಲೆ ₹242 ಎಂದು ಸರ್ಕಾರವೇ ಕಟ್ಟಿದೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು. ಉಳಿದದ್ದು ಸಬ್ಸಿಡಿ. ಕಚ್ಚಾ ಮಾಲು ದುಬಾರಿಯಾದರೆ ಆ ಬಿಲ್ ಹೋಗುವುದು ದೆಹಲಿಗೆ. ಅಂದರೆ ಹೈಡ್ರೋಜನ್ ಮಾಡುವವನಿಗೆ ಪ್ರೋತ್ಸಾಹಧನ ಕೊಡುವುದೂ ಸರ್ಕಾರ, ಅದನ್ನು ಕೊಂಡು ಗೊಬ್ಬರ ಮಾಡಿದವನಿಗೆ ಸಬ್ಸಿಡಿ ಕೊಡುವುದೂ ಸರ್ಕಾರ, ಷೇರು ಮಾರುವ ಕಂಪನಿಗೆ ಎನ್‌ಟಿಪಿಸಿಯ ಮೂಲಕ ದೊಡ್ಡ ಪಾಲುದಾರನೂ ಸರ್ಕಾರ. ನಾವು ಮಾತ್ರ ಕಂಪನಿಯ ಲಾಭ-ನಷ್ಟ ಲೆಕ್ಕ ಹಾಕುತ್ತಾ ಕೂತಿದ್ದೆವು.

ಮಾವ ನೀತಿಯ ವಿರೋಧಿ ಅಂತ ಯಾರೂ ತಿಳಿಯಬಾರದು. ನೀತಿಯಿಂದ ಕಾರ್ಖಾನೆಯೇ ಬದಲಾಗುವುದನ್ನು ಇದೇ ಊರಿನಲ್ಲಿ ಕಂಡವರು ಅವರು. ಪಣಂಬೂರಿನ ಗೊಬ್ಬರ ಕಾರ್ಖಾನೆ ಮೊದಲು ಕಚ್ಚಾ ತೈಲದಿಂದ ಬರುವ ನ್ಯಾಫ್ತಾ ಬಳಸುತ್ತಿತ್ತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿ.ಮೀ. ಗ್ಯಾಸ್ ಪೈಪ್‌ಲೈನ್ ಬಂದ ಮೇಲೆ ಗ್ಯಾಸ್‌ಗೆ ತಿರುಗಿತು. ಆ ಪೈಪ್ ವರ್ಷಗಟ್ಟಲೆ ಎಳೆದಾಡಿ, ಕೇರಳದಲ್ಲಿ ಜಮೀನಿನ ಗಲಾಟೆ ಎಲ್ಲ ಆಗಿ, ಉದ್ಘಾಟನೆ ಆದದ್ದು 2021ರ ಜನವರಿ 5ರಂದು. "ಬಂತು, ಇಲ್ಲ ಅಂತ ನಾನು ಹೇಳುವುದಿಲ್ಲ. ಬರುವಷ್ಟರಲ್ಲಿ ನನ್ನ ಪೆನ್ಷನ್ ಶುರುವಾಗಿತ್ತು." ಷೇರು ಕೊಳ್ಳುವವನಿಗೆ ಇದಕ್ಕಿಂತ ಉಪಯೋಗದ ಮಾತು ಅವತ್ತು ಬೇರೆ ಯಾರೂ ಆಡಲಿಲ್ಲ.

ನಾಲ್ಕು ಗಂಟೆ ದಾಟಿತ್ತು. ಕಾಫಿ ಬಂತು. ಹುಡುಗ ನನ್ನ ಮುಖ ನೋಡಿದ.

ನಾನು ಹೇಳಿದ್ದು ಇಷ್ಟು. ಮನೆಯಲ್ಲೇ ಆಫರ್ ಡಾಕ್ಯುಮೆಂಟ್ ತಿರುವಿ ಹಾಕಿದ್ದೆ. ಎತ್ತುವ ₹10,000 ಕೋಟಿಯಲ್ಲಿ ₹7,500 ಕೋಟಿ ಹೋಗುವುದು ಅಂಗಸಂಸ್ಥೆಯ ಸಾಲ ತೀರಿಸಲು. ನಡೆಯುತ್ತಿರುವ ಸ್ಥಾವರ ಮೂರು ಸಾವಿರ ಚಿಲ್ಲರೆ ಮೆಗಾವಾಟ್, ಹೆಚ್ಚುಕಡಿಮೆ ಎಲ್ಲ ಸೋಲಾರ್, ಸ್ವಲ್ಪ ಗಾಳಿ. ಹೈಡ್ರೋಜನ್ ಇರುವುದು ಮುಂದಿನ ಯೋಜನೆಗಳ ಪುಟದಲ್ಲಿ. ಹಾಗಾಗಿ ಇದನ್ನು ಹೈಡ್ರೋಜನ್ ಷೇರು ಅಂತ ಕೊಳ್ಳುವುದು ಸುಮ್ನೆ ಹೆಸರು ನೋಡಿ ಕೊಂಡ ಹಾಗೆ. ಸೋಲಾರ್ ಷೇರು ಅಂತ ಕೊಳ್ಳುವುದಾದರೆ ಬೇರೆ ಮಾತು. 50 ಲಕ್ಷ ಟನ್ ಹೈಡ್ರೋಜನ್ ಗುರಿಗೆ ಸೋಲಾರ್, ಗಾಳಿಯಂಥ ಸುಮಾರು 1,25,000 ಮೆಗಾವಾಟ್ ಹೊಸ ಸ್ಥಾವರ ಬೇಕು ಅಂತ ಮಿಷನ್ನೇ ಹೇಳುತ್ತದೆ. ಹೈಡ್ರೋಜನ್ ತಡವಾದರೂ ಕರೆಂಟಿಗೆ ಗಿರಾಕಿ ಇದ್ದೇ ಇದ್ದಾನೆ. ಎಲೆಕ್ಟ್ರೊಲೈಸರ್ ಮಾಡುವ ಓಮಿಯಂ ಕಂಪನಿಯ ಕಾರ್ಖಾನೆ ಬೆಂಗಳೂರಿನ ಹತ್ತಿರವೇ ಇದೆ, ಆದರೆ ಅದರ ಷೇರು ಮಾರುಕಟ್ಟೆಯಲ್ಲೇ ಇಲ್ಲ. ನಿಜವಾಗಿ ಹೈಡ್ರೋಜನ್‌ಗೆ ಹತ್ತಿರ ಇರುವವರ ಷೇರು ನಮಗೆ ಸಿಗುವುದಿಲ್ಲ, ಸಿಗುವ ಷೇರಿನಲ್ಲಿ ಹೈಡ್ರೋಜನ್ ಇರುವುದಿಲ್ಲ.

ಹೀಗೆಲ್ಲ ಹೇಳಿ ಒಂದು ಲಾಟ್ ಹಾಕಿದೆ. ಷೇರುದಾರರ ಕೋಟಾದಲ್ಲಿ, ಸೋಲಾರ್ ಷೇರು ಅಂತ. ಹಾಲ್ ಒಳಗೆ ನೆಟ್‌ವರ್ಕ್ ಸತ್ತಿತ್ತು. ಯುಪಿಐ ಮ್ಯಾಂಡೇಟ್ ಒಪ್ಪಲು ರೇಷ್ಮೆ ಸೀರೆ ಎತ್ತಿಕೊಂಡು ಹೆದ್ದಾರಿ ಬದಿಗೆ ಓಡಬೇಕಾಯಿತು. ಟ್ಯಾಂಕರ್‌ಗಳ ಸದ್ದಿನಲ್ಲಿ ಪಿನ್ ಒತ್ತಿದ್ದು ನನ್ನ ಜೊತೆ ಇನ್ನೂ ಇಬ್ಬರು ನೆಂಟರು. ಒಳಗೆ ಚರ್ಚೆಯಲ್ಲಿ ಅವರು ಬಾಯೇ ಬಿಟ್ಟಿರಲಿಲ್ಲ.

ನವೆಂಬರ್ 27ಕ್ಕೆ ಎನ್‌ಎಸ್‌ಇಯಲ್ಲಿ ₹111.50ಕ್ಕೆ ಶುರುವಾಯಿತು. ಡಿಸೆಂಬರ್‌ನಲ್ಲಿ ₹150 ದಾಟಿದಾಗ ಹುಡುಗ ದಿನಾ ಮೆಸೇಜ್ ಹಾಕುತ್ತಿದ್ದ. ಜನವರಿ 8ರಂದು ಪ್ರಧಾನಿ ಆಂಧ್ರದ ಪುಡಿಮಡಕದಲ್ಲಿ ಇದೇ ಕಂಪನಿಯ ಹೈಡ್ರೋಜನ್ ಹಬ್‌ಗೆ ಶಂಕುಸ್ಥಾಪನೆ ಮಾಡಿದರು, ಸುಮಾರು ₹1,85,000 ಕೋಟಿಯ ಯೋಜನೆ. ಮಾರ್ಚ್ ಹೊತ್ತಿಗೆ ಷೇರು ಐಪಿಒ ಬೆಲೆಗಿಂತ ಕೆಳಗಿತ್ತು. ಮೆಸೇಜ್ ನಿಂತಿತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಬಂದಾಗ ಭಾವ ಫೋನ್ ಮಾಡಿದರು: 3 ಡಾಲರ್ ವಿನಾಯಿತಿ ಬೇಕಾದರೆ 2027 ಮುಗಿಯುವ ಮೊದಲೇ ಕಟ್ಟಡದ ಕೆಲಸ ಶುರು ಮಾಡಬೇಕಂತೆ. ಮೊದಲು 2032ರ ಕೊನೆಯವರೆಗೆ ಸಮಯ ಇತ್ತು.

ಅದೇ ಮಳೆಗಾಲದಲ್ಲಿ ನಮ್ಮ ಕಡೆಯಿಂದ ಒಂದು ಒಳ್ಳೆಯ ಸುದ್ದಿ ಬಂತು. ಕೇಂದ್ರದ ಸೌರಶಕ್ತಿ ನಿಗಮ ಸೆಕಿ ನಡೆಸಿದ ಮೊದಲ ಹಸಿರು ಅಮೋನಿಯಾ ಹರಾಜಿನಲ್ಲಿ ಒಡಿಶಾದ ಪಾರಾದೀಪ್‌ನ ಗೊಬ್ಬರ ಕಾರ್ಖಾನೆಗೆ ವರ್ಷಕ್ಕೆ 75,000 ಟನ್, ಕೆ.ಜಿ.ಗೆ ₹55.75, ಹತ್ತು ವರ್ಷದ ಒಪ್ಪಂದ. ಕುಟುಂಬದ ಗುಂಪಿಗೆ ಹಾಕಿದೆ. ಮಾವನ ಉತ್ತರ ಧ್ವನಿ ಸಂದೇಶದಲ್ಲಿ ಬಂತು. ಅಮೋನಿಯಾದಲ್ಲಿ ಹೈಡ್ರೋಜನ್ ತೂಕ ನೂರಕ್ಕೆ ಹದಿನೇಳೂಮುಕ್ಕಾಲು, ಅಮೋನಿಯಾ ಮಾಡುವ ಖರ್ಚೂ ಹಿಡಿದು ಲೆಕ್ಕ ಹಾಕಿದರೆ ಹೈಡ್ರೋಜನ್ ಕೆ.ಜಿ.ಗೆ ₹300ರ ಒಳಗೆ ಮಾಡಲೇಬೇಕು. "ಸರಿಯುಂಟು. ಡಿಎಪಿ ಕಾರ್ಖಾನೆಯೇ ಕೊಂಡದ್ದಲ್ವಾ, ನಾನು ಹೇಳಿದ್ದೆ. ಗಂಡು ಸಿಕ್ಕಿದ. ಕಟ್ಟುವವ ಯಾರು?"

ಗೆದ್ದದ್ದು ಆಕ್ಮೆ ಅಂತ ಬರೆದೆ. ಆಮೇಲೆ ಪೂರ್ತಿ ಹೆಸರು ನೋಡಿದಾಗ ಆಕ್ಮೆ ಕ್ಲೀನ್‌ಟೆಕ್ ಅಂತ ಇತ್ತು. ಹಿಂದಿನ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದದ್ದು ಆಕ್ಮೆ ಸೋಲಾರ್. ಕ್ಲೀನ್‌ಟೆಕ್ ಅದರ ಪ್ರವರ್ತಕ ಕಂಪನಿ, ಷೇರುಪೇಟೆಯಲ್ಲಿ ಇಲ್ಲ. ಇದನ್ನು ಟೈಪ್ ಮಾಡಿ ಕಳಿಸುವಷ್ಟರಲ್ಲಿ ಹುಡುಗ ಆಕ್ಮೆ ಸೋಲಾರ್ ಕೊಂಡಾಗಿತ್ತು.