ಸೊನ್ನೆ ಲೀಟರಿನ ಮನೆ

29 ಜೂನ್ 2024, ಶನಿವಾರ

ಏಳನೆಯ ತರಗತಿಗೆ ದತ್ತಾಂಶಗಳ ಪಾಠ ನಡೆಯುತ್ತಿದೆ. ಸರಾಸರಿ, ಮಧ್ಯಾಂಕ (ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಬೆಲೆ), ಬಹುಲಕ (ಅತಿ ಹೆಚ್ಚು ಸಲ ಬರುವ ಅಂಕಿ), ವ್ಯಾಪ್ತಿ (ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರ) ಇವುಗಳನ್ನು ಪುಸ್ತಕದ ಅಂಕಿಗಳಿಂದಲೇ ಕಲಿಸಿದರೆ ಮಕ್ಕಳು ಸೂತ್ರ ಒಪ್ಪಿಸಿ ಸುಮ್ಮನಾಗುತ್ತಾರೆ. ಅದಕ್ಕಾಗಿ ಇಂದು ಬೆಳಿಗ್ಗೆ ಅವರವರ ಮನೆಯಿಂದ ಡೇರಿಗೆ ಎಷ್ಟು ಲೀಟರ್ ಹಾಲು ಹಾಕಿದರೆಂದು ಕೇಳಿಕೊಂಡು ಬರಲು ನಿನ್ನೆಯೇ ಹೇಳಿದ್ದೆ. ಮಳೆ ಕೈಕೊಟ್ಟ ವರ್ಷವೂ ಹಾಲಿನ ಬಟವಾಡೆಯಿಂದ ಸಂಸಾರ ತೂಗಿಸುವ ಕೋಲಾರದ ಈ ಸೀಮೆಯಲ್ಲಿ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಲೆಕ್ಕ ಇನ್ನೊಂದಿಲ್ಲ.

ಮೊದಲ ಗುಂಪಿನವರು ಹೇಳಿದ್ದನ್ನು ಏರಿಕೆ ಕ್ರಮದಲ್ಲಿ ಹಲಗೆಯ ಮೇಲೆ ಬರೆದೆ: 3, 4, 4, 4, 5, 6, 7, 8, 10, 48. ಗುಂಪಿನಲ್ಲಿ ಹನ್ನೊಂದು ಮಕ್ಕಳಿದ್ದರೂ ಅಂಕಿಗಳು ಹತ್ತೇ ಇದ್ದವು. ಕಿಟಕಿಯ ಪಕ್ಕದ ಹುಡುಗಿ ತಲೆ ಎತ್ತದೆ, "ನಮ್ಮದು ಬರೀಬೇಡಿ ಮಿಸ್, ಹಸು ಮಾರಿಬಿಟ್ರು" ಎಂದಳು. ಹಿಂದಿನ ಹುಡುಗ ಒಡನೆಯೇ, "ಸೊನ್ನೆ ಕೂಡಿದ್ರೂ ಅಷ್ಟೇ ತಾನೇ ಮಿಸ್, ಬಿಟ್ಬಿಡೋಣ" ಎಂದ. ಅವನಿಗೆ ಅವಳನ್ನು ನೋಯಿಸುವ ಉದ್ದೇಶವಿರಲಿಲ್ಲ, ಕೂಡುವ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೂ ಹೌದು.

ಎರಡು ರೀತಿಯಲ್ಲೂ ಮಾಡಿ ನೋಡಿರೆಂದೆ. ಮೊತ್ತ ಎರಡರಲ್ಲೂ 99. ಹತ್ತು ಮನೆಗಳಿಗೆ ಹಂಚಿದರೆ ಸರಾಸರಿ 9.9, ಹನ್ನೊಂದಕ್ಕೆ ಹಂಚಿದರೆ 9. ಮಧ್ಯಾಂಕ 5.5 ಇದ್ದದ್ದು 5 ಆಯಿತು, ವ್ಯಾಪ್ತಿ 45ರಿಂದ 48ಕ್ಕೆ ಏರಿತು, ಬಹುಲಕ 4 ಮಾತ್ರ ಕದಲಲಿಲ್ಲ. ಒಂದು ತೊಟ್ಟು ಹಾಲೂ ಕಡಿಮೆಯಾಗದೆ ಸರಾಸರಿ ಹೇಗೆ ಇಳಿಯಿತೆಂದು ಆ ಹುಡುಗ ಮತ್ತೆ ಮತ್ತೆ ಭಾಗಿಸಿ ನೋಡಿದ. ಸೊನ್ನೆ ಮೊತ್ತದಲ್ಲಿ ಕಾಣದಿದ್ದರೂ ಭಾಜಕದಲ್ಲಿ ಒಂದು ಮನೆಯಾಗಿ ನಿಲ್ಲುತ್ತದೆ ಎಂಬುದನ್ನು ನಾನು ವಿವರಿಸುವ ಮೊದಲೇ ಅವನು ಕಂಡುಕೊಂಡ.

ಆಗ ಆ ಹುಡುಗಿಯೇ ಕೇಳಿದಳು: "ಒಂಬತ್ತು ಲೀಟರ್ ಯಾರ ಮನೇದು ಮಿಸ್?"

ಯಾರದ್ದೂ ಅಲ್ಲ. ಹನ್ನೊಂದರಲ್ಲಿ ಒಂಬತ್ತು ಮನೆಗಳು ಆ ಸರಾಸರಿಗಿಂತ ಕೆಳಗೇ ಇವೆ. ಹಾಲು ಕರೆಯುವ ಯಂತ್ರವಿಟ್ಟುಕೊಂಡ ಒಂದೇ ಮನೆಯ 48ನ್ನು ತೆಗೆದರೆ ಸರಾಸರಿ 5.1ಕ್ಕೆ ಕುಸಿಯುತ್ತದೆ, ಮಧ್ಯಾಂಕ 5ರಿಂದ 4.5ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಊರಿನ ಸ್ಥಿತಿ ಹೇಳಲು ಯಾವ ಅಂಕಿ ಸರಿಯೆಂಬ ಚರ್ಚೆ ಗಂಟೆ ಹೊಡೆದ ಮೇಲೂ ಮುಗಿಯಲಿಲ್ಲ. ಇಂಥ ತರಗತಿಗಾಗಿಯೇ ನಾನು ಈ ಕೆಲಸದಲ್ಲಿದ್ದೇನೆ ಎನ್ನಿಸಿತು.

ಆದರೂ ಸಂಜೆಯಿಂದ ಮನಸ್ಸು ಭಾರವಾಗಿದೆ. ಇಂದು ರಾಷ್ಟ್ರೀಯ ಸಾಂಖ್ಯಿಕ ದಿನ. 1893ರಲ್ಲಿ ಇದೇ ದಿನ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗಾಗಿ ಮನೆ ಮನೆಗೆ ಹೋದವರಿಗೂ "ನಮ್ಮದು ಬರೀಬೇಡಿ" ಎಂಬ ಮಾತು ಎದುರಾಗಿರಲೇಬೇಕು. ಇಲ್ಲದವರನ್ನು ಬಿಟ್ಟು ಬರೆದರೆ ಊರು ಇರುವುದಕ್ಕಿಂತ ಸಿರಿವಂತವಾಗಿ ಕಾಣುತ್ತದೆ, ಆದ್ದರಿಂದ ಆ ಸೊನ್ನೆಯನ್ನು ಬರೆಯಲೇಬೇಕು. ಹಾಗೆಂದು ಹನ್ನೆರಡು ವರ್ಷದ ಮಗುವಿನ ಮನೆಯ ಕಷ್ಟವನ್ನು ಎಲ್ಲರೆದುರು ಹಲಗೆಗೆ ಏರಿಸುವುದು ಬೇರೆಯೇ ಮಾತು.

ಸೋಮವಾರ ಸಂಜೆಯ ಹಾಲಿನ ಲೆಕ್ಕ ಬರಬೇಕಿದೆ. ಅದಕ್ಕೂ ಮೊದಲು, ನಾವು ಕೇಳುತ್ತಿರುವುದು ಹಾಲು ಹಾಕುವ ಮನೆಗಳ ಲೆಕ್ಕವೋ ತರಗತಿಯ ಎಲ್ಲ ಮನೆಗಳ ಲೆಕ್ಕವೋ ಎಂಬ ಪ್ರಶ್ನೆಯನ್ನು ಅವರಿಂದಲೇ ಬರೆಸಬೇಕು. ಹೆಸರಿಲ್ಲದ ಚೀಟಿಗಳನ್ನು ಡಬ್ಬಿಗೆ ಹಾಕಿಸಿದರೆ ಸೊನ್ನೆ ಯಾರದ್ದೆಂದು ತಿಳಿಯದು, ಆದರೆ 48 ಯಾರ ಮನೆಯದೆಂಬುದು ಹೇಗೂ ಎಲ್ಲರಿಗೂ ಗೊತ್ತು, ಆ ಮನೆಯ ಹುಡುಗನೂ ಇಂದು ಯಾಕೋ ಮಾತೇ ಆಡಲಿಲ್ಲ.