ಸರಿಯಾಗಿ ತಲುಪಿದ 85 ಡಿಗ್ರಿಯನ್ನು ನಂಬಬೇಕೇ?

ಶೈತ್ಯಾಗಾರಗಳಲ್ಲೂ ಬಿಸಿನೀರಿನ ಕೊಳವೆಗಳ ಮೇಲೂ ಅಳವಡಿಸಿದ ತಾಪಮಾನದ ಸೆನ್ಸರ್‌ಗಳಿಂದ ಬರುವ ಅಂಕಿಗಳನ್ನು ಡೇಟಾಬೇಸಿಗೆ ಸೇರಿಸುವುದು, ಅವುಗಳಲ್ಲಿ ಯಾವುದನ್ನು ನಂಬಬಹುದೆಂದು ತೀರ್ಮಾನಿಸುವುದು ನನ್ನ ಕೆಲಸ. ಇದರಲ್ಲಿ ತತ್ತ್ವಶಾಸ್ತ್ರದ ಸಂದೇಹವಾದ ಉಪಯೋಗಕ್ಕೆ ಬರುತ್ತದೆ ಎಂದರೆ ಹೊಸದಾಗಿ ಸೇರಿದವರು ನಗುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು 85 ಎಂಬ ಒಂದೇ ಒಂದು ಅಂಕಿಯನ್ನು.

ಡಿಎಸ್18ಬಿ20 ಎಂಬ, ಬಹಳ ಬಳಕೆಯಲ್ಲಿರುವ ಸೆನ್ಸರ್ ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಅಳೆಯುತ್ತದೆ. ಅದಕ್ಕೆ ವಿದ್ಯುತ್ ಬಂದ ಕ್ಷಣದಿಂದ ಮೊದಲ ಅಳತೆ ಮುಗಿಯುವವರೆಗೆ ಅದರ ಸ್ಮೃತಿಯಲ್ಲಿ 85 ಡಿಗ್ರಿ ಎಂಬ ಆರಂಭಿಕ ಮೌಲ್ಯ ಕುಳಿತಿರುತ್ತದೆ. ಅತ್ಯಂತ ಸೂಕ್ಷ್ಮವಾದ ಅಳತೆಗೆ 750 ಮಿಲಿಸೆಕೆಂಡ್‌ವರೆಗೂ ಬೇಕಾಗುವುದರಿಂದ, ಅದಕ್ಕೆ ಮುಂಚೆಯೇ ಓದಿದರೆ, ಅಥವಾ ಅಳೆಯುವ ನಡುವೆ ವಿದ್ಯುತ್ ಒಮ್ಮೆ ಕುಸಿದು ಎದ್ದರೆ, ನಮ್ಮ ಕೈಗೆ ಸಿಗುವುದು ಆ 85. ಸೆನ್ಸರ್ ಕಳುಹಿಸುವ ಒಂಬತ್ತು ಬೈಟ್‌ಗಳಲ್ಲಿ ಕೊನೆಯದು ದೋಷ ಪತ್ತೆಗೆಂದೇ ಇರುವ ಚೆಕ್‌ಸಮ್, ಅದೂ ತಾಳೆಯಾಗುತ್ತದೆ. ದಾರಿಯಲ್ಲಿ ಏನೂ ಕೆಟ್ಟಿಲ್ಲ. ತಂತಿಯೇ ಕಳಚಿಹೋದಾಗ ಸೆನ್ಸರ್ ಓದಲು ಬಳಸುವ ಜನಪ್ರಿಯ ಸಾಫ್ಟ್‌ವೇರ್ ಲೈಬ್ರರಿಯೊಂದು ಕೊಡುವ ಮೈನಸ್ 127 ಅಳತೆಯ ವ್ಯಾಪ್ತಿಯ ಹೊರಗಿರುವುದರಿಂದ ಅದನ್ನು ಹಿಡಿಯುವುದು ಸುಲಭ. 85 ವ್ಯಾಪ್ತಿಯ ಒಳಗೇ ಇದೆ.

ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಸಂವಹನದ ಗಣಿತ ಸಿದ್ಧಾಂತವನ್ನು ಮಂಡಿಸಿದಾಗ, ಸಂದೇಶದ ಅರ್ಥವು ತನ್ನ ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಎಂದು ಆರಂಭದಲ್ಲೇ ಬದಿಗಿಟ್ಟ. ಅವನ ಲೆಕ್ಕದಲ್ಲಿ ಸಂದೇಶವೊಂದು ಎಷ್ಟು ಅಸಂಭವವೋ ಅದರ ಮಾಹಿತಿಯ ಪ್ರಮಾಣ ಅಷ್ಟು ಹೆಚ್ಚು. ಹಾಗೆ ನೋಡಿದರೆ ಶೈತ್ಯಾಗಾರದಿಂದ ಬರುವ ಎಲ್ಲ ಅಂಕಿಗಳಲ್ಲಿ ಅತಿ ಹೆಚ್ಚು ಮಾಹಿತಿಯುಳ್ಳದ್ದು ಈ 85! ಇದನ್ನು ಸಿದ್ಧಾಂತದ ಕೊರತೆ ಎಂದು ನಾನು ಎಣಿಸುವುದಿಲ್ಲ. ಅರ್ಥವನ್ನು ಬದಿಗಿಟ್ಟದ್ದರಿಂದಲೇ ಅದು ಮಾತಿಗೂ ಚಿತ್ರಕ್ಕೂ ತಾಪಮಾನಕ್ಕೂ ಸಮನಾಗಿ ಅನ್ವಯಿಸುತ್ತದೆ. ತಪ್ಪು ಇರುವುದು ಚೆಕ್‌ಸಮ್ ತಾಳೆಯಾದ ಕೂಡಲೇ ಪರದೆಯ ಮೇಲೆ ‘ಡೇಟಾ ಸರಿಯಾಗಿದೆ’ ಎಂದು ಹಸಿರು ಗುರುತು ತೋರಿಸುವ ನಮ್ಮ ಉದ್ಯಮದ ರೂಢಿಯಲ್ಲಿ. ಸರಿಯಾಗಿರುವುದು ಸಾಗಣೆ ಮಾತ್ರ.

ಹಾಗಾದರೆ ಪಕ್ಕದಲ್ಲಿ ಇನ್ನೊಂದು ಸೆನ್ಸರ್ ಇಟ್ಟು ಮೊದಲನೆಯದನ್ನು ಪರೀಕ್ಷಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಆ ಇನ್ನೊಂದನ್ನು ಪರೀಕ್ಷಿಸುವವರು ಯಾರು? ಗ್ರೀಕ್ ಸಂದೇಹವಾದಿ ಅಗ್ರಿಪ್ಪನ ಹೆಸರಿನಲ್ಲಿ ಪ್ರಸಿದ್ಧವಾದ ಐದು ಆಕ್ಷೇಪಗಳಲ್ಲಿ ಇದೂ ಒಂದು: ಪ್ರತಿ ಆಧಾರಕ್ಕೂ ಇನ್ನೊಂದು ಆಧಾರ ಕೇಳುತ್ತ ಹೋದರೆ ಕೊನೆಯೇ ಇರುವುದಿಲ್ಲ. ನಮ್ಮ ಮೀಮಾಂಸಾ ದರ್ಶನದ ಚಿಂತಕರಿಗೂ ಅನವಸ್ಥೆ ಎಂದು ಕರೆಯುವ ಈ ಕೊನೆಯಿಲ್ಲದ ಸರಣಿ ಚೆನ್ನಾಗಿ ಗೊತ್ತಿತ್ತು. ಏಳನೆಯ ಶತಮಾನದ ಕುಮಾರಿಲ ಭಟ್ಟನ ಉತ್ತರ ನನಗೆ ಕೆಲಸಕ್ಕೆ ಬರುವಂಥದ್ದಾಗಿ ಕಂಡಿದೆ: ಜ್ಞಾನವು ಹುಟ್ಟುವಾಗಲೇ ಪ್ರಮಾಣ, ಅಂದರೆ ನಂಬಲರ್ಹ, ಆಗಿರುತ್ತದೆ, ಅದಕ್ಕೆ ವಿರುದ್ಧವಾದ ಬಾಧಕಜ್ಞಾನ ಬಂದಾಗ, ಅಥವಾ ಅದನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿದೆ ಎಂದು ತಿಳಿದಾಗ ಮಾತ್ರ ಅದನ್ನು ಕೈಬಿಡಬೇಕು. ಈ ನಂಬಲರ್ಹತೆ, ಅಂದರೆ ಪ್ರಾಮಾಣ್ಯ, ಹೊರಗಿನಿಂದಲೇ ಬರಬೇಕೆಂಬ ನ್ಯಾಯ ದರ್ಶನದವರ ಪಕ್ಷವೂ ಹಗುರವಾದುದಲ್ಲ. ಆದರೆ ದಿನವಿಡೀ ಹರಿದು ಬರುವ ಅಂಕಿಗಳಲ್ಲಿ ಪ್ರತಿಯೊಂದನ್ನೂ ಹೊರಗಿನಿಂದ ಸಮರ್ಥಿಸುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ.

ಒಂದು ಶೈತ್ಯಾಗಾರದ ಕೋಷ್ಟಕದಲ್ಲಿ ಸಾಲುಗಳು ಹೀಗಿದ್ದವು: 4.0625, 4.1250, 85.0000, 4.1250. ಮುಚ್ಚಿದ ಕೋಣೆಯೊಂದು ಒಂದೇ ನಿಮಿಷದಲ್ಲಿ ಎಂಬತ್ತು ಡಿಗ್ರಿ ಏರಿ ಮತ್ತೆ ಇಳಿಯದು ಎಂಬುದು ಬಾಧಕಜ್ಞಾನ. 85 ಆರಂಭಿಕ ಮೌಲ್ಯ ಎಂಬ ತಿಳಿವಳಿಕೆ ಕಾರಣದೋಷ. ಆದ್ದರಿಂದ ಅದನ್ನು ತಾಪಮಾನವೆಂದು ಒಪ್ಪಲಿಲ್ಲ. ಹಾಗೆಂದು ಅದು ಅರ್ಥಹೀನವೂ ಆಗಿರಲಿಲ್ಲ. ಇಂಥ ಸಾಲುಗಳ ಸಮಯವನ್ನು ಕಂಪ್ರೆಸರ್ ಚಾಲೂ ಆಗುವ ಸಮಯದೊಂದಿಗೆ ಇಟ್ಟು ನೋಡಿದಾಗ ಎರಡೂ ಹೊಂದಿಕೊಂಡವು; ಕಂಪ್ರೆಸರ್ ಎದ್ದಾಗಲೆಲ್ಲ ಸೆನ್ಸರ್‌ಗೆ ಹೋಗುವ ವೋಲ್ಟೇಜ್ ಕುಸಿಯುತ್ತಿತ್ತು. ಆ ಅಂಕಿ ತಾಪಮಾನದ ಬಗ್ಗೆ ಏನನ್ನೂ ಹೇಳದೆ ವಿದ್ಯುತ್ತಿನ ಬಗ್ಗೆ ಸತ್ಯವನ್ನೇ ಹೇಳುತ್ತಿತ್ತು. ಅಂಕಿ ನಿಜವೇ ಸುಳ್ಳೇ ಎಂದು ಕೇಳುವ ಮೊದಲು ಅದು ಯಾವುದರ ಲಕ್ಷಣ ಎಂದು ಕೇಳುವ ಕ್ರಮ ನಮ್ಮ ತಂಡದಲ್ಲಿ ಬೇರೂರಿದ್ದು ಇದರಿಂದಲೇ.

ಇಷ್ಟಾದ ಮೇಲೆ ಬರುವ ಸುಲಭದ ಪರಿಹಾರ, ಅಂದರೆ ‘85 ಬಂದರೆ ಅಳಿಸಿಬಿಡಿ’ ಎಂಬ ಒಂದು ಸಾಲಿನ ಕೋಡ್, ನನಗೆ ಕುರುಡು ನಂಬಿಕೆಗಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದ ಅಳತೆಗಳಿಂದ ಓಜೋನ್ ಕುಸಿತವನ್ನು ಫಾರ್ಮನ್, ಗಾರ್ಡಿನರ್ ಮತ್ತು ಶ್ಯಾಂಕ್ಲಿನ್ 1985ರಲ್ಲಿ ಪ್ರಕಟಿಸಿದರು. ನಿಂಬಸ್-7 ಉಪಗ್ರಹವೂ ಅದೇ ಆಕಾಶವನ್ನು ಅಳೆಯುತ್ತಿತ್ತು. ಆದರೆ ಅದರ ದತ್ತಾಂಶವನ್ನು ಸಂಸ್ಕರಿಸುವ ತಂತ್ರಾಂಶ ಓಜೋನ್ ಪ್ರಮಾಣವನ್ನು ಅಳೆಯುವ ಡಾಬ್ಸನ್ ಘಟಕದಲ್ಲಿ 180ಕ್ಕಿಂತ ಕಡಿಮೆ ಬಂದ ಅಳತೆಗಳಿಗೆ ಸಂಶಯದ ಗುರುತು ಹಾಕುತ್ತಿತ್ತು. ಮೂಲ ಅಂಕಿಗಳನ್ನು ಅಳಿಸದೆ ಇಟ್ಟಿದ್ದರಿಂದ ಮುಂದೆ ಅವುಗಳಿಂದಲೇ ಓಜೋನ್ ರಂಧ್ರದ ವ್ಯಾಪ್ತಿಯನ್ನು ತೋರಿಸಲು ಸಾಧ್ಯವಾಯಿತು. ಆ ಅಂಕಿಗಳ ಮೇಲಿನ ಸಂಶಯಕ್ಕೆ ಉಪಕರಣದ ದೋಷ ಆಧಾರವಾಗಿರಲಿಲ್ಲ. ಅಷ್ಟು ಕಡಿಮೆ ಬರಲಾರದು ಎಂಬ ನಿರೀಕ್ಷೆ ಮಾತ್ರ ಇತ್ತು.

ಬಿಸಿನೀರಿನ ಕೊಳವೆಗಳಲ್ಲಿ ಈ ತೊಡಕು ನಮಗೆ ನೇರವಾಗಿ ಎದುರಾಗುತ್ತದೆ, ಏಕೆಂದರೆ ಅಲ್ಲಿ ನೀರು ನಿಜವಾಗಿಯೂ 85 ಡಿಗ್ರಿ ಇರಬಹುದು. ಆದ್ದರಿಂದ ಬಂದ ಅಂಕಿಯನ್ನು ಬಂದಂತೆಯೇ ಒಂದು ಕಾಲಮ್ಮಿನಲ್ಲಿ ಇಟ್ಟು, ಅದರ ಬಗೆಗಿನ ನಮ್ಮ ತೀರ್ಮಾನವನ್ನೂ ಆ ತೀರ್ಮಾನದ ಕಾರಣವನ್ನೂ ಬೇರೆ ಕಾಲಮ್‌ಗಳಲ್ಲಿ ಬರೆಯುತ್ತೇವೆ. ಹಿಂದಿನ ಸಾಲುಗಳು 84.8750, 84.9375 ಎಂದಿದ್ದು, ವಿದ್ಯುತ್ ಆಗತಾನೇ ಮರಳಿ ಬಂದಿದ್ದರೆ, 85.0000 ಎಂಬುದು ನೀರಿನದೋ ಆರಂಭಿಕ ಮೌಲ್ಯದ್ದೋ ಎಂದು ಆ ಅಂಕಿಯನ್ನು ಎಷ್ಟು ದಿಟ್ಟಿಸಿದರೂ ತಿಳಿಯದು. ಅಂಥ ಸಾಲಿಗೆ ‘ಅನಿರ್ಣೀತ’ ಎಂದು ಬರೆಯುತ್ತೇವೆ, ಮತ್ತು ಮುಂದಿನ ಓದು ಏನೇ ಬಂದರೂ ಹಿಂದಕ್ಕೆ ಹೋಗಿ ಅದನ್ನು ತಿದ್ದುವುದಿಲ್ಲ.