ಬಂಗುಡೆಯ ದಾಯಾದಿ
ಮಗಳ ಮೊದಲ ಸಂಬಳದ ಊಟ, ಮುಂಬೈಯ ಲೋವರ್ ಪರೇಲ್‌ನ ಜಪಾನಿ ಹೋಟೆಲಿನಲ್ಲಿ. ಒಮಾಕಾಸೆಯಂತೆ, ಅಂದರೆ 'ನಿಮಗೇ ಬಿಟ್ಟಿದ್ದು'. ಮೆನು ಕಾರ್ಡೇ ಇಲ್ಲ, ಬಾಣಸಿಗ ಕೊಟ್ಟದ್ದನ್ನು ತಿನ್ನಬೇಕು. ಮಾಟುಂಗದ ಮೆಸ್ಸಿನಲ್ಲೂ ಅದೇ ತಾನೇ, ಬಿಲ್ಲೊಂದು ಬೇರೆ!

ಮಿಸೊ ಸಾರು, ಆವಿಯಲ್ಲಿ ಬೆಂದ ಮೊಟ್ಟೆಯ ಚವಾನ್‌ಮುಶಿ, ಸರಿ, ಪರವಾಗಿಲ್ಲ.

ಏಳನೆಯದಾಗಿ ಬಂತು ನೋಡಿ ಸಬಾ, ನಮ್ಮ ಬಂಗುಡೆಯ ದಾಯಾದಿ. ಉಪ್ಪು ಸವರಿ, ವಿನೆಗರ್‌ನಲ್ಲಿ ನೆನೆಸಿದ್ದು. ಬೆಳ್ಳಿ ಚರ್ಮದ ಮೇಲೆ ಸಣ್ಣ ಗೀರುಗಳು, ಕೆಳಗೆ ಉಗುರುಬೆಚ್ಚಗಿನ ಅನ್ನದ ಉಂಡೆ. ಬೆಂಕಿ ಕಾಣದ ಬಂಗುಡೆಯೇ? ಉಡುಪಿಯ ನಾಲಿಗೆ ಹಿಂಜರಿಯಿತು. ಕೈಯಲ್ಲೇ ತಿನ್ನಬಹುದು ಅಂದರು. ಹೋದ ಜೀವ ಬಂತು, ಚಾಪ್‌ಸ್ಟಿಕ್ ಬದಿಗಿಟ್ಟೆ. ಮೊದಲು ಹುಳಿ, ಆಮೇಲೆ ಮೀನಿನ ಜಿಡ್ಡು, ಕೊನೆಗೆ ವಾಸಾಬಿ ಎಂಬ ಹಸಿರು ಮುದ್ದೆಯ ಖಾರ ಸೀದಾ ಮೂಗಿಗೆ.

"ಇನ್ನೊಂದು ಸಿಗುತ್ತಾ?" ಅಂದೆ. ಮೇಜಿನಡಿ ಮಗಳು ಕಾಲು ತುಳಿದಳು.